ಸ್ವಪ್ನ, ಸಂಕಲ್ಪ ಮತ್ತು ಶಿಲ್ಪ

ಪಂಚಕಲ್ಯಾಣ ಮಹೋತ್ಸವದಲ್ಲಿ ಗರ್ಭಕಲ್ಯಾಣದಂದು ಜಿನಮಾತೆಯು ಕಂಡ ಹದಿನಾರು ಶುಭಸ್ವಪ್ನಗಳನ್ನು ಶ್ರಾವಕ ಶ್ರಾವಿಕೆಯರಿಗೆ ನಿರೂಪಿಸುವುದು ನಮ್ಮ ಸಂಪ್ರದಾಯ. ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದಲ್ಲಿಯೂ, ಕ್ರಿ. ಶ. 941ರಲ್ಲಿ ಪಂಪ ಮಹಾಕವಿ ರಚಿಸಿದ ಕನ್ನಡ ಆದಿಪುರಾಣದಲ್ಲಿಯೂ ಮರುದೇವಿಯ ಸ್ವಪ್ನಗಳು ವರ್ಣಿತವಾಗಿವೆ. ಖಜುರಾಹೋವಿನ ಘಂಟಾಯಿ ಜಿನಾಲಯದ ಬಾಗಿಲುವಾಡದ ಮೇಲೆ ಈ ಹದಿನಾರು ಸ್ವಪ್ನಗಳನ್ನು ಕಡೆಯಲಾಗಿದೆ. ಶ್ವೇತಾಂಬರ ಸಂಪ್ರದಾಯದ ಕಲ್ಪಸೂತ್ರದ ಹಸ್ತಪ್ರತಿಗಳಲ್ಲಿ ಹದಿನಾಲ್ಕು ಸ್ವಪ್ನಗಳ ವರ್ಣಚಿತ್ರಗಳಿವೆ. ಹೀಗೆ ಸ್ವಪ್ನವು ಕಲೆಗೆ ವಸ್ತುವಾದುದು ಸ್ಪಷ್ಟ. ಆದರೆ ಕಲಾಕೃತಿಯೊಂದು ಹುಟ್ಟುವುದಕ್ಕೆ ಸ್ವಪ್ನವು ಎಷ್ಟರಮಟ್ಟಿಗೆ ಕಾರಣವಾಗಬಲ್ಲುದು? ಇದಕ್ಕೆ ಉತ್ತರವನ್ನು ಶ್ರವಣಬೆಳಗೊಳದಲ್ಲಿ ಹುಡುಕಬೇಕು.

ಗಂಗರಾಜರಾದ ಮಾರಸಿಂಹ ಮತ್ತು ರಾಚಮಲ್ಲರ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನು ತಾಯಿ ಕಾಳಲಾದೇವಿಯೊಡನೆ ಪೌದನಪುರದ ಬಾಹುಬಲಿಯ ದರ್ಶನಕ್ಕೆ ಹೊರಟು ಬೆಳಗೊಳದಲ್ಲಿ ತಂಗಿದನು. ಅಂದಿನ ರಾತ್ರಿ ಕೂಷ್ಮಾಂಡಿನೀ ದೇವಿಯು ಸ್ವಪ್ನದಲ್ಲಿ ಕಾಣಿಸಿಕೊಂಡು, ಚಿಕ್ಕಬೆಟ್ಟದಿಂದ ದೊಡ್ಡಬೆಟ್ಟದತ್ತ ಬಾಣವನ್ನು ಬಿಡು, ಸ್ವಾಮಿಯು ಅಲ್ಲಿಯೇ ದರ್ಶನವೀಯುವನು ಎಂದಳು. ಈ ಕಥೆಯನ್ನು ಕೇಳದ ಜೈನರಿಲ್ಲ.

ಇದು ಈಚಿನ ಕಾವ್ಯಗಳಲ್ಲಿಯೂ ಸ್ಥಳಪುರಾಣದಲ್ಲಿಯೂ ಬರುವ ಕಥೆ. ಸುಮಾರು ಕ್ರಿ. ಶ. 1180ರ ಬೊಪ್ಪಣ ಪಂಡಿತನ ಶಾಸನದಲ್ಲಿ ಸ್ವಪ್ನದ ಮಾತಿಲ್ಲ. ಭರತನು ಮಾಡಿಸಿದ ಪೌದನಪುರದ ವಿಗ್ರಹವನ್ನು ಕುಕ್ಕುಟಸರ್ಪಗಳು ಮುತ್ತಿದ್ದವು. ಆ ಎಡೆ ದೂರವೂ ದುರ್ಗಮವೂ ಆದುದೆಂದು ಹಿರಿಯರು ಹೇಳಲು, ಹಾಗಾದರೆ ಅಂತಹ ವಿಗ್ರಹವನ್ನು ನಾನೇ ಮಾಡಿಸುವೆನೆಂದು ಚಾವುಂಡರಾಯನು ಸಂಕಲ್ಪಿಸಿದನೆಂದು ಮಾತ್ರ ಅಲ್ಲಿದೆ. ಶಾಸನವು ಸಂಕಲ್ಪವನ್ನು ಹೇಳಿದರೆ, ಪರಂಪರೆಯು ಸ್ವಪ್ನವನ್ನು ಹೇಳುತ್ತದೆ. ಇವೆರಡರಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಕಾಗಿಲ್ಲ. ಭಕ್ತನ ಮನಸ್ಸು ಹಗಲೆಲ್ಲ ಹಂಬಲಿಸಿದುದೇ ಇರುಳಿನಲ್ಲಿ ದೇವಿಯ ವಾಣಿಯಾಯಿತೆಂದು ತಿಳಿದರೆ ಎರಡೂ ಕೂಡಿಕೊಳ್ಳುತ್ತವೆ.

ನಮ್ಮ ಶಾಸ್ತ್ರದಲ್ಲಿ ಸ್ವಪ್ನವು ಅಷ್ಟಾಂಗ ನಿಮಿತ್ತಗಳಲ್ಲಿ ಒಂದು. ನಿಮಿತ್ತ ಎಂಬ ಶಬ್ದಕ್ಕೆ ಶಕುನವೆಂಬ ಅರ್ಥದ ಜೊತೆಗೆ ಸಹಾಯಕ ಕಾರಣವೆಂಬ ಅರ್ಥವೂ ಉಂಟು. ಮಡಕೆಯಾಗಲು ಕುಂಬಾರನೂ ಚಕ್ರವೂ ನಿಮಿತ್ತ, ಮಣ್ಣು ಉಪಾದಾನ. ಮಣ್ಣಿಲ್ಲದೆ ಚಕ್ರವನ್ನು ಎಷ್ಟು ತಿರುಗಿಸಿದರೂ ಮಡಕೆಯಾಗದು. ಅಂತೆಯೇ ಸ್ವಪ್ನವು ನಿಮಿತ್ತ ಮಾತ್ರ. ಉಪಾದಾನವು ಕಲಾವಿದನ ಆತ್ಮಶುದ್ಧಿ ಮತ್ತು ಸಾಧನೆ.

ಈ ತತ್ತ್ವವನ್ನು ಜನಜನಿತವಾದ ಇನ್ನೊಂದು ಕಥೆಯು ಸರಳವಾಗಿ ತಿಳಿಸುತ್ತದೆ. ಕೆತ್ತಿ ಉದುರಿಸಿದ ಕಲ್ಲಿನ ಚಕ್ಕೆಗಳ ತೂಕಕ್ಕೆ ಸಮನಾಗಿ ಚಿನ್ನವನ್ನು ಕೊಡುವುದೆಂದು ಶಿಲ್ಪಿಯೊಡನೆ ಕರಾರಾಗಿತ್ತಂತೆ. ಮೊದಲ ದಿನದ ಚಿನ್ನವನ್ನು ಮನೆಗೆ ತಂದಾಗ ಅದು ಅವನ ಕೈಗಳಿಗೆ ಅಂಟಿಕೊಂಡಿತು. ಅವನ ತಾಯಿಯು, ಅಲ್ಲೊಬ್ಬ ಮಗನು ತಾಯಿಗಾಗಿ ಸರ್ವಸ್ವವನ್ನೂ ಸುರಿಯುತ್ತಿರುವನು, ನೀನಾದರೋ ಲೋಭಕ್ಕೆ ಸಿಕ್ಕಿದೆ ಎಂದಳು. ಶಿಲ್ಪಿಯು ಪಶ್ಚಾತ್ತಾಪಪಟ್ಟು ಕೂಲಿಯ ಆಸೆಯನ್ನು ತೊರೆದಾಗಲೇ ಕೈ ಬಿಡುಗಡೆಯಾಯಿತು. ತಕ್ಕಡಿ ಹಿಡಿದು ಜೀವನ ಸಾಗಿಸುವ ನಮ್ಮಂತಹ ವರ್ತಕರು ಮರೆಯಬಾರದ ಕಥೆಯಿದು. ಸ್ವಪ್ನವನ್ನು ಕಂಡವನು ಒಡೆಯ. ಅಪರಿಗ್ರಹವನ್ನು ಆಚರಿಸಬೇಕಾದವನು ಶಿಲ್ಪಿ.

ಸುಮಾರು 981ರಲ್ಲಿ ಪ್ರತಿಷ್ಠಿತವಾದ ಆ ವಿಗ್ರಹವನ್ನೇ ನೋಡಿರಿ. ಬೆಟ್ಟದ ನೆತ್ತಿಯ ಒಂದೇ ಬಂಡೆಯಲ್ಲಿ ಸುಮಾರು 58 ಅಡಿ ಎತ್ತರ. ತೊಡೆಯಿಂದ ಮೇಲಕ್ಕೆ ಯಾವ ಆಸರೆಯೂ ಇಲ್ಲ. ಮೈಯನ್ನು ಬಳಸಿದ ಮಾಧವೀಲತೆ, ಕಾಲ ಬಳಿಯ ಹುತ್ತ, ಅವುಗಳಿಂದ ಹೊರಬರುವ ಸರ್ಪಗಳು, ಇವೆಲ್ಲದರ ಮೇಲೆ ಕದಡದ ಮುಖಶಾಂತಿ. ಒಂದು ಏಟು ತಪ್ಪಿದರೆ ಮತ್ತೆ ಸೇರಿಸಲಾಗದ ಕಲ್ಲಿನಲ್ಲಿ ಇಂತಹ ಸಮಭಾವವನ್ನು ಕಡೆದವನ ಮನಸ್ಸು ಹೇಗಿದ್ದಿರಬೇಕು!

ಆದರೆ ವಿಗ್ರಹದ ಪಾದದ ಬಳಿಯ ಬರಹಗಳು ಮಾಡಿಸಿದವನಾದ ಚಾವುಂಡರಾಯನನ್ನೂ, ಸುತ್ತಾಲಯವನ್ನು ಕಟ್ಟಿಸಿದ ಗಂಗರಾಜನನ್ನೂ ಹೆಸರಿಸುತ್ತವೆ, ಶಿಲ್ಪಿಯನ್ನು ಹೆಸರಿಸುವುದಿಲ್ಲ. ಎದುರಿನ ಚಿಕ್ಕಬೆಟ್ಟದ ಚಂದ್ರಗುಪ್ತ ಬಸದಿಯಲ್ಲಿ ಹಾಗಿಲ್ಲ. ಹನ್ನೆರಡು ವರ್ಷಗಳ ಕ್ಷಾಮವನ್ನು ಸೂಚಿಸಿದ ಹದಿನಾರು ಸ್ವಪ್ನಗಳನ್ನು ಚಂದ್ರಗುಪ್ತನು ಕಂಡನೆಂದೂ, ಭದ್ರಬಾಹು ಸ್ವಾಮಿಗಳು ಅವುಗಳ ಫಲವನ್ನು ಹೇಳಿದರೆಂದೂ ಪರಂಪರೆಯುಂಟು. ಆ ಗುರುಶಿಷ್ಯರ ಚರಿತ್ರೆಯ ಸುಮಾರು 90 ದೃಶ್ಯಗಳನ್ನು ಅಲ್ಲಿಯ ಕಲ್ಲಿನ ಜಾಲಂದ್ರಗಳಲ್ಲಿ ಹನ್ನೆರಡನೆಯ ಶತಮಾನದಲ್ಲಿ ಕೆತ್ತಿದ ದಾಸೋಜನ ಹೆಸರು ಆ ಕಲ್ಲಿನಲ್ಲಿಯೇ ಉಳಿದಿದೆ.

ಬಸದಿಗಳಲ್ಲಿ ದಾನಿಗಳ ಹೆಸರುಗಳು ಶಿಲಾಫಲಕಗಳ ಮೇಲೆ ಶೋಭಿಸುತ್ತವೆ. ಬಿಂಬವನ್ನು ಕಡೆದ ಕೈಗಳ ಹೆಸರು ಅಲ್ಲಿರುವುದು ಅಪರೂಪ. ಸ್ವಪ್ನವು ದಾನಿಗೆ ಬಿದ್ದಿರಬಹುದು, ಸಂಕಲ್ಪವು ಸಂಘದ್ದಾಗಿರಬಹುದು. ಆದರೆ ನಾವು ಕೈಮುಗಿಯುವ ಆ ಪ್ರಶಾಂತ ಮುಖವು ಮೊದಲು ಮೂಡಿದುದು ಶಿಲ್ಪಿಯ ಅಂತರಂಗದಲ್ಲಿ. ಪ್ರತಿಷ್ಠಾಪನೆಯ ಲೇಖನದಲ್ಲಿ ಅವನ ಹೆಸರಿಗೂ ಒಂದು ಸಾಲನ್ನು ಮೀಸಲಿಡುವುದು ಧರ್ಮಬಾಂಧವರಾದ ನಮ್ಮೆಲ್ಲರ ಕರ್ತವ್ಯ. ದಾಸೋಜನ ಕಾಲದವರು ತೋರಿದ ಆ ಔದಾರ್ಯವು ನಮ್ಮಲ್ಲಿಯೂ ನೆಲೆಸಲಿ.