ಮಾಯದ ನಾಲಿಗೆ ಹುಣ್ಣು, ಒಡೆದ ದನಿ: ಹಿಸ್ಟೋಪ್ಲಾಸ್ಮೋಸಿಸ್ ಬಗ್ಗೆ ಒಂದಿಷ್ಟು ಮಾಹಿತಿ

ನಾಲಿಗೆಯ ಮೇಲೆ ತಿಂಗಳಾದರೂ ಮಾಯದ ಹುಣ್ಣು. ದನಿ ಒಡೆದಿದೆ, ನುಂಗಿದರೆ ನೋವು, ಮೈತೂಕ ಇಳಿಯುತ್ತಿದೆ. ಮೊದಲು ಬರುವ ಅನುಮಾನ ಎರಡೇ - ಕ್ಯಾನ್ಸರ್, ಇಲ್ಲವೇ ಕ್ಷಯ. ಅಪರೂಪಕ್ಕೆ ಮೂರನೆಯದೊಂದು ಇರುತ್ತದೆ. ಅದೇ ಹಿಸ್ಟೋಪ್ಲಾಸ್ಮೋಸಿಸ್.

ಇದು ಶಿಲೀಂಧ್ರದ ಸೋಂಕು. ತಮಿಳಿನಲ್ಲಿ ಪೂಂಜೈ, ನಮ್ಮ ಮನೆಮಾತಿನಲ್ಲಿ ಬೂಷ್ಟು. 1905ರಲ್ಲಿ ಪನಾಮಾದಲ್ಲಿ ಶವಪರೀಕ್ಷೆ ಮಾಡುತ್ತಿದ್ದ ಡಾ. ಸ್ಯಾಮ್ಯುಯೆಲ್ ಡಾರ್ಲಿಂಗ್ ಇದನ್ನು ಮೊದಲು ಕಂಡರು. ಅದು ಶಿಲೀಂಧ್ರವೆಂದು ಅವರಿಗೂ ಹೊಳೆಯಲಿಲ್ಲ! ಭಾರತದ ಮೊದಲ ವರದಿ 1954ರಲ್ಲಿ ಕಲ್ಕತ್ತಾದಿಂದ ಬಂತು. ಹೆಚ್ಚಿನ ರೋಗಿಗಳು ಗಂಗಾ ಬಯಲಿನವರು, ದಕ್ಷಿಣದಲ್ಲೂ ಕಂಡಿದೆ.

ಹಕ್ಕಿ, ಬಾವಲಿಗಳ ಹಿಕ್ಕೆ ಬಿದ್ದು ಕೊಳೆತ ಮಣ್ಣಿನಲ್ಲಿ ಇದು ಬೆಳೆಯುತ್ತದೆ. ಹಳೆಯ ಕೋಳಿ ಶೆಡ್ಡು, ಪಾಳು ಮಂಟಪ ಗುಡಿಸುವಾಗ ಏಳುವ ಧೂಳಿನೊಂದಿಗೆ ಶ್ವಾಸಕೋಶ ಸೇರುತ್ತದೆ. ಪಲ್ಲಡಂ ಸುತ್ತಿನ ಕೋಳಿ ಸಾಕಣೆಯವರು ಇದನ್ನು ತಿಳಿದಿರುವುದು ಒಳ್ಳೆಯದು. ಹಾಗೆಂದು ಎಲ್ಲ ಕೋಳಿ ಗೊಬ್ಬರದಲ್ಲೂ ಇದೆ ಎಂದಲ್ಲ. ಕೋಳಿಗೆ ಈ ರೋಗ ತಗಲುವುದಿಲ್ಲ, ಕೋಳಿ ತಿಂದರೆ ಬರುವುದೂ ಇಲ್ಲ. ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ; ಆದ್ದರಿಂದ ರೋಗಿಯ ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ.

ಹೆಚ್ಚಿನವರಿಗೆ ಸೋಂಕು ಬಂದದ್ದೇ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆ, ಎಚ್‌ಐವಿ ಇರುವವರಲ್ಲಿ, ಸ್ಟೀರಾಯ್ಡ್ ಸೇವಿಸುವವರಲ್ಲಿ ಅದು ರಕ್ತದ ಮೂಲಕ ಮೈಯೆಲ್ಲ ಹರಡಬಹುದು. ಆಗ ನಾಲಿಗೆ, ಅಂಗುಳ, ಒಸಡು, ಧ್ವನಿಪೆಟ್ಟಿಗೆಯಲ್ಲಿ ಹುಣ್ಣು ಏಳುತ್ತದೆ. ಮೂಗಿನೊಳಗೆ ಹುಣ್ಣಾಗುವುದು ಕಡಿಮೆ, ಕಿವಿಯಲ್ಲಿ ಇನ್ನೂ ಅಪರೂಪ. ಕೆಮ್ಮೇ ಇಲ್ಲದೆ ಬರೀ ದನಿ ಕೆಟ್ಟು ಬಂದವರೂ ಇದ್ದಾರೆ.

2021ರ ಮೇ ತಿಂಗಳಲ್ಲಿ ತಮಿಳುನಾಡು ಸರ್ಕಾರ ಅಧಿಸೂಚಿತ ಕಾಯಿಲೆ ಎಂದು ಘೋಷಿಸಿದ ಕಪ್ಪು ಶಿಲೀಂಧ್ರ ಬೇರೆ. ಅದು ಮೂಗು, ಕಣ್ಣಿನ ಸುತ್ತ ದಿನಗಳಲ್ಲೇ ಅಂಗಾಂಶವನ್ನು ಕೊಲ್ಲುತ್ತದೆ. ಇದು ತಿಂಗಳುಗಟ್ಟಲೆ ತೆವಳುತ್ತದೆ, ಅದರಿಂದಲೇ ಮೋಸ.

ಹುಣ್ಣಿನ ಚೂರು ತೆಗೆದು ಬಯಾಪ್ಸಿ ಮಾಡಬೇಕು. ಶಿಲೀಂಧ್ರ ಕಾಣಲು ವಿಶೇಷ ಬಣ್ಣದ ಪರೀಕ್ಷೆ ಬೇಕಾಗುತ್ತದೆ, ಕೇಳದಿದ್ದರೆ ತಪ್ಪಿಹೋಗಬಹುದು. ಕ್ಷಯವೆಂದು ಔಷಧಿ ಕೊಟ್ಟರೆ ಗುಣವಾಗದು, ಸ್ಟೀರಾಯ್ಡ್ ಕೊಟ್ಟರೆ ಉಲ್ಬಣಿಸಬಹುದು. ಮೈಗೆಲ್ಲ ಹರಡಿದ ಸೋಂಕನ್ನು ಹಾಗೇ ಬಿಟ್ಟರೆ ಸಾವೇ ಬರಬಹುದು.

ಮದ್ದಿದೆ. ತೀವ್ರವಾಗಿದ್ದರೆ ಆಂಫೊಟೆರಿಸಿನ್ ಚುಚ್ಚುಮದ್ದು, ಅನಂತರ ಇಟ್ರಾಕೊನಜೋಲ್ ಮಾತ್ರೆ, ಸಾಮಾನ್ಯವಾಗಿ ಒಂದು ವರ್ಷ. ಎರಡು ತಿಂಗಳಿಗೆ ಹುಣ್ಣು ಮಾಯಿತೆಂದು ಮಾತ್ರೆ ಬಿಟ್ಟರೆ ರೋಗ ಮರಳಬಹುದು.

ಮೂರು ವಾರ ದಾಟಿದ ಹುಣ್ಣು ಅಥವಾ ಒಡೆದ ದನಿ ಇದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಕೋಳಿ ಶೆಡ್ಡಿನ ಕೆಲಸ, ಸಕ್ಕರೆ ಕಾಯಿಲೆ, ನುಂಗುತ್ತಿರುವ ಮಾತ್ರೆಗಳು - ಅವರು ಕೇಳದಿದ್ದರೂ ನೀವೇ ಹೇಳಿ. ಶೆಡ್ಡು ಗುಡಿಸುವ ಮೊದಲು ನೀರು ಚಿಮುಕಿಸಿ, ಧೂಳು ತಡೆಯುವ ಮಾಸ್ಕ್ ಕಟ್ಟಿಕೊಳ್ಳಿ.