ಬೈಸನ್ ಬೀಳಿಸುತ್ತಿದ್ದ ಬಂಡೆ
ಹೆಡ್-ಸ್ಮ್ಯಾಶ್ಡ್-ಇನ್ ಬಫಲೋ ಜಂಪ್, ಆಲ್ಬರ್ಟಾ, ಕೆನಡಾ

ನೀವು ನೋಡುತ್ತಿರುವುದು ಪೋರ್ಕ್ಯುಪೈನ್ ಬೆಟ್ಟಗಳ ಅಂಚಿನ ಮರಳುಗಲ್ಲಿನ ಕಡಿಬಂಡೆ. ಇದರ ಪಶ್ಚಿಮಕ್ಕೆ ರಾಕಿ ಪರ್ವತಗಳಿವೆ. ಪೂರ್ವಕ್ಕೆ ಕಣ್ಣು ಹಾಯುವಷ್ಟು ದೂರ ಹುಲ್ಲುಗಾವಲು ಹರಡಿದೆ.

ಈ ಬಯಲಿನ ಮೂಲನಿವಾಸಿಗಳಾದ ಬ್ಲ್ಯಾಕ್‌ಫುಟ್ ಜನರು ಮತ್ತು ಅವರ ಪೂರ್ವಿಕರು 5,500ಕ್ಕೂ ಹೆಚ್ಚು ವರ್ಷ ಇಲ್ಲಿ ಬೈಸನ್ (ಅಮೆರಿಕದ ಕಾಡುಕೋಣ, ಅಲ್ಲಿನವರ ಬಾಯಲ್ಲಿ ‘ಬಫಲೋ’) ಬೇಟೆಯಾಡಿದರು. ಆ ಕಾಲದ ಬಹುಪಾಲು ಅವರಲ್ಲಿ ಕುದುರೆಯಿರಲಿಲ್ಲ, ಬಂದೂಕೂ ಇರಲಿಲ್ಲ. ಹಿಂಡು ಮೇಯುತ್ತಿದ್ದ ಬಯಲಿನಿಂದ ಬಂಡೆಯವರೆಗೆ ಕಿಲೋಮೀಟರುಗಟ್ಟಲೆ ಎರಡು ಸಾಲು ಕಲ್ಲುಗುಪ್ಪೆಗಳಿದ್ದವು. ಕರುವಿನ ಚರ್ಮ ಹೊದ್ದ ಓಟಗಾರ ಹಿಂಡನ್ನು ಆ ಸಾಲುಗಳ ನಡುವೆ ಸೆಳೆಯುತ್ತಿದ್ದ. ತೋಳದ ಚರ್ಮ ಹೊದ್ದವರು ಹಿಂದಿನಿಂದ ಬಂಡೆಯ ಅಂಚಿನಾಚೆಗೆ ಅಟ್ಟುತ್ತಿದ್ದರು. ಗಾಳಿಯ ದಿಕ್ಕು ಬದಲಾಗಿ ಹಿಂಡಿಗೆ ಬೇಟೆಗಾರರ ವಾಸನೆ ಸಿಕ್ಕರೆ ದಿನಗಟ್ಟಲೆಯ ಶ್ರಮವೆಲ್ಲ ವ್ಯರ್ಥ.

ಬಂಡೆಯ ಬುಡವನ್ನು ಗಮನಿಸಿ. ಹುಲ್ಲು ಬೆಳೆದ ಆ ಇಳಿಜಾರು ಮೂಲ ನೆಲವಲ್ಲ. ಮೂಳೆ, ಕಲ್ಲಿನ ಬಾಣದ ಮೊನೆ, ಗಾಳಿ ತಂದ ಮಣ್ಣು ಇವೆಲ್ಲ ಪದರ ಪದರವಾಗಿ ಸುಮಾರು 10 ಮೀಟರ್ ಆಳಕ್ಕೆ ತುಂಬಿಕೊಂಡಿವೆ. ಈಗ 10 ಮೀಟರಿನಷ್ಟು ಕಾಣುವ ಬಂಡೆ ಒಂದು ಕಾಲದಲ್ಲಿ ಇದರ ಇಮ್ಮಡಿ ಎತ್ತರವಿತ್ತು.

ಕೆಳಗಿನ ಬಯಲೇ ಅಡುಗೆಮನೆ. ಮಾಂಸವನ್ನು ಸೀಳಿ ಒಣಗಿಸಿ, ಕುಟ್ಟಿ, ಕೊಬ್ಬು ಬೆರೆಸಿ ಪೆಮಿಕನ್ ಮಾಡುತ್ತಿದ್ದರು. ಚಳಿಗಾಲದ ಬುತ್ತಿ ಅದೇ. ಮೂಳೆಯಿಂದ ಕೊಬ್ಬು ತೆಗೆಯಲು ಗುಂಡಿಗೆ ಚರ್ಮ ಹಾಸಿ ನೀರು ತುಂಬಿ, ಕಾದ ಕಲ್ಲು ಹಾಕಿ ಕುದಿಸುತ್ತಿದ್ದರು. ಇಲ್ಲಿನ ಮರಳುಗಲ್ಲು ಬಿಸಿನೀರಿನಲ್ಲಿ ಪುಡಿಯಾಗುತ್ತದೆ. ಹಾಗಾಗಿ ಗಟ್ಟಿ ಕಲ್ಲುಗಳನ್ನು ಬೇರೆಡೆಯಿಂದ ಹೊತ್ತು ತಂದಿದ್ದಾರೆ. ಬಿಸಿಗೆ ಸಿಡಿದ ಅವುಗಳ ಚೂರುಗಳು ಬಯಲಿನ ತುಂಬ ಸಿಗುತ್ತವೆ.

ಯುನೆಸ್ಕೊ ವಿಶ್ವ ಪರಂಪರೆ ತಾಣ, 1981.