ಜಲ್ಲಿಯ ಲೆಕ್ಕ

ನನ್ನ ತಂದೆಯವರು 1968ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಒಂದು ಮನೆ ಕಟ್ಟಿಸಿದರು. ಆ ಮನೆಯ ಖರ್ಚಿನ ಪುಸ್ತಕ ಈಗಲೂ ನನ್ನ ಬಳಿ ಇದೆ. ಅದರಲ್ಲಿ ಇಟ್ಟಿಗೆಯ ಬಾಬ್ತು, ಸಿಮೆಂಟಿನ ಬಾಬ್ತು, ಕಬ್ಬಿಣದ ಬಾಬ್ತು, ಸೈಜುಗಲ್ಲಿನ ಬಾಬ್ತು ಎಲ್ಲವೂ ಬೇರೆ ಬೇರೆಯಾಗಿ, ನೀಲಿ ಶಾಯಿಯಲ್ಲಿ ಬರೆದಿವೆ. ಮೇಸ್ತ್ರಿಯ ಹೆಸರಿದೆ, ಬಡಗಿಯ ಹೆಸರಿದೆ, ಗೃಹಪ್ರವೇಶಕ್ಕೆ ಬಂದ ಪುರೋಹಿತರ ಹೆಸರೂ ಇದೆ. ‘ಜಲ್ಲಿ ಕುಟ್ಟಿದ ಬಾಬ್ತು’ ಎಂಬುದರ ಎದುರಿಗೆ ಮಾತ್ರ ಯಾರ ಹೆಸರೂ ಇಲ್ಲ. ಇಷ್ಟು ಪೆಟ್ಟಿಗೆ, ಇಷ್ಟು ರೂಪಾಯಿ ಎಂದಷ್ಟೇ ಇದೆ.

ಆ ಜಲ್ಲಿಯನ್ನು ಕುಟ್ಟಿದವಳನ್ನು ನಾನು ಬಲ್ಲೆ. ಆಗ ನಾನು ಶಾಲೆಗೆ ಹೋಗುತ್ತಿದ್ದ ಹುಡುಗ. ನಮ್ಮ ನಿವೇಶನದ ಎದುರಿನ ಖಾಲಿ ಜಾಗದಲ್ಲಿ ಲಾರಿಯವನು ದಪ್ಪ ಕಲ್ಲುಗಳನ್ನು ಸುರಿದು ಹೋಗುತ್ತಿದ್ದ. ತೆಂಗಿನ ಗರಿಯೊಂದನ್ನು ನೆರಳಿಗೆ ನಿಲ್ಲಿಸಿಕೊಂಡು ಆಕೆ ಬೆಳಗಿನಿಂದ ಸಂಜೆಯವರೆಗೆ ಅದರಡಿ ಕೂತಿರುತ್ತಿದ್ದಳು. ಎಡಗೈಯ ಬೆರಳುಗಳಿಗೆ ಸೈಕಲ್ ಟ್ಯೂಬಿನ ತುಂಡುಗಳನ್ನು ಸುತ್ತಿಕೊಂಡಿದ್ದಳು. ಕಲ್ಲು ಜಾರದಂತೆ ಒಂದು ಬಳೆಯಂಥ ಸಿಂಬಿಯಲ್ಲಿ ಅದನ್ನಿಟ್ಟು ಸಣ್ಣ ಸುತ್ತಿಗೆಯಿಂದ ಒಂದು ಪೆಟ್ಟು, ತಿರುಗಿಸಿ ಇನ್ನೊಂದು ಪೆಟ್ಟು. ನಾನು ಹತ್ತಿರ ಹೋದರೆ, “ಬ್ಯಾಡ ಕಣಪ್ಪ, ಕಣ್ಗೆ ಚೂರು ಹಾರ್ತದೆ, ದೂರ ಕೂತ್ಕೊ” ಎನ್ನುತ್ತಿದ್ದಳು. ಅವಳ ಪಕ್ಕದಲ್ಲಿ ಸೀರೆಯ ಜೋಲಿಯಲ್ಲಿ ಮಗು ಮಲಗಿರುತ್ತಿತ್ತು. ಆ ಮಗುವಿನ ಕಣ್ಣಿಗೂ ಚೂರು ಹಾರಬಹುದಲ್ಲವೇ ಎಂದು ಕೇಳುವ ಬುದ್ಧಿ ನನಗೆ ಅಂದು ಬರಲಿಲ್ಲ.

ವಾರಕ್ಕೊಮ್ಮೆ ಗುತ್ತಿಗೆದಾರನ ಕಡೆಯವನು ತಳವಿಲ್ಲದ ಮರದ ಪೆಟ್ಟಿಗೆಯನ್ನು ಹೊತ್ತು ತರುತ್ತಿದ್ದ. ಪೆಟ್ಟಿಗೆ ತುಂಬಿದರೆ ಒಂದು ಲೆಕ್ಕ. ಆಕೆ ಬಾಣಲಿಯಿಂದ ಜಲ್ಲಿ ಸುರಿದು ಅಂಚಿನವರೆಗೆ ತುಂಬಿದ ಮೇಲೆ ಅವನು ಪೆಟ್ಟಿಗೆಯನ್ನು ಕಾಲಿನಿಂದ ಎರಡು ಸಲ ಒದೆಯುತ್ತಿದ್ದ. ಜಲ್ಲಿ ಅದುರಿ ಕೆಳಗೆ ಕೂರುತ್ತಿತ್ತು. ಆಕೆ ಮತ್ತೆ ಒಂದು ಬಾಣಲಿ ಸುರಿಯಬೇಕಾಗುತ್ತಿತ್ತು. ನನ್ನ ತಂದೆ ಅದನ್ನು ಕಂಡಿದ್ದರು. ಸತ್ಯವಂತರಾದ ಅವರು ಏನೂ ಹೇಳಲಿಲ್ಲ. ಅದು ಗುತ್ತಿಗೆದಾರನ ವ್ಯವಹಾರವೆಂದು ಅವರು ಭಾವಿಸಿರಬೇಕು. ಒಂದು ಕಲ್ಲಿನ ಕಥೆಯನ್ನು ಹೇಳಹೊರಟವನಿಗೆ ಆ ಎರಡು ಒದೆತಗಳ ಸದ್ದು ಮೊದಲು ಕೇಳಿಸುತ್ತದೆ.

ಬೆಂಗಳೂರು ಬಂಡೆಯ ಮೇಲೆ ಕೂತ ಊರು. ಲಾಲ್‌ಬಾಗಿನ ಬಂಡೆಯನ್ನು ಹತ್ತಿದವರೆಲ್ಲ ಅದರ ಬೆನ್ನೆಲುಬನ್ನು ಮುಟ್ಟಿದವರೇ. ಭೂವಿಜ್ಞಾನಿಗಳು ಆ ಶಿಲೆಯ ವಯಸ್ಸನ್ನು ಸುಮಾರು 300 ಕೋಟಿ ವರ್ಷವೆಂದು ಹೇಳುತ್ತಾರೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ 1894ರಲ್ಲಿ ಪ್ರಾರಂಭವಾಯಿತು. ಅದರ ನಿರ್ದೇಶಕರಾಗಿದ್ದ ಸ್ಮೀತ್ ಎಂಬವರು 1916ರಲ್ಲಿ ಈ ಶಿಲಾಸಮೂಹಕ್ಕೆ ‘ಪೆನಿನ್ಸುಲರ್ ನೈಸ್’ ಎಂಬ ಹೆಸರನ್ನಿತ್ತರು. ನಾವು ಸಾಮಾನ್ಯವಾಗಿ ಗ್ರಾನೈಟ್ ಎಂದು ಕರೆದುಬಿಡುವ ಬೂದುಬಣ್ಣದ ಕಲ್ಲು ಬಹುಪಾಲು ಇದೇ. ಊರಿನ ದಕ್ಷಿಣ ಭಾಗದಲ್ಲಂತೂ ಇದು ಹೆಜ್ಜೆಹೆಜ್ಜೆಗೂ ತಲೆಯೆತ್ತಿದೆ: ಬಸವನಗುಡಿಯ ಕಹಳೆಬಂಡೆ, ಗವಿಪುರದ ಗವಿ, ಹನುಮಂತನಗರದ ನರಹರಿರಾಯನ ಗುಡ್ಡ, ಜಯನಗರದ ರಾಗಿಗುಡ್ಡ, ಕನಕಪುರ ರಸ್ತೆಯಾಚೆಯ ತುರಹಳ್ಳಿ. ಹೊಸೂರು ರಸ್ತೆಯ ಬದಿಯ ಬಂಡೇಪಾಳ್ಯ ತನ್ನ ಹೆಸರಿನಲ್ಲೇ ಬಂಡೆಯನ್ನು ಉಳಿಸಿಕೊಂಡಿದೆ.

ಊರಿನ ಹೆಸರು ನಮಗೆ ಮೊದಲು ಸಿಗುವುದೂ ಕಲ್ಲಿನಲ್ಲೇ. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಕ್ರಿ. ಶ. 890ರ ಸುಮಾರಿನ ವೀರಗಲ್ಲು ಬೆಂಗಳೂರಿನ ಕಾಳಗವನ್ನು ಹೆಸರಿಸುತ್ತದೆ. ಸತ್ತ ವೀರನ ನೆನಪಿಗೆ ಕಲ್ಲು ನಿಲ್ಲಿಸಿದರು. ಕಲ್ಲನ್ನು ಬಂಡೆಯಿಂದ ಎಬ್ಬಿಸಿದವನಿಗೆ ಕಲ್ಲಿಲ್ಲ. ಹೊಯ್ಸಳರ ಕಾಲದಲ್ಲಿ ಶಿಲ್ಪಿಗಳು ತಮ್ಮ ಹೆಸರನ್ನು ಮೂರ್ತಿಯ ಪೀಠದಲ್ಲಿ ಕೆತ್ತಿದರು. ಬಳ್ಳಿಗಾವೆಯ ದಾಸೋಜನನ್ನೂ ಸೋಮನಾಥಪುರದ ಮಲ್ಲಿತಮ್ಮನನ್ನೂ ನಾವು ಹೀಗೆ ಬಲ್ಲೆವು. ಚಪ್ಪಡಿ ಎಬ್ಬಿಸಿದವರ, ಕಂಬ ಸೀಳಿದವರ ಹೆಸರು ಅಪರೂಪ. ಕಲ್ಲಿನ ಗಾತ್ರ ಕಿರಿದಾಗುತ್ತ ಬಂದಂತೆ ಅದನ್ನು ಮುಟ್ಟಿದ ಕೈಯ ಗುರುತೂ ಕಿರಿದಾಗುತ್ತ ಬಂದಿತು. ಜಲ್ಲಿಯಲ್ಲಿ ಅದು ಪೂರ್ತಿ ಇಲ್ಲವಾಯಿತು.

ಈ ಕೆಲಸವನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದವರು ವಡ್ಡರು, ಈಗ ಭೋವಿಗಳೆಂದು ಕರೆಯಿಸಿಕೊಳ್ಳುವವರು. ಅವರಲ್ಲೇ ಕಲ್ಲುವಡ್ಡರು ಬಂಡೆಯ ಕೆಲಸಕ್ಕೆ, ಮಣ್ಣುವಡ್ಡರು ಕೆರೆಕಟ್ಟೆಗಳ ಕೆಲಸಕ್ಕೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಶಿವಯೋಗಿ ಸಿದ್ಧರಾಮರನ್ನು ಅವರು ತಮ್ಮ ಗುರುವೆಂದು ಪೂಜಿಸುತ್ತಾರೆ. ಅವರ ವಿದ್ಯೆ ಬರಿಯ ತೋಳ್ಬಲದ್ದಲ್ಲ. ಬಂಡೆಯ ಎಳೆ ಯಾವ ಕಡೆಗೆ ಓಡುತ್ತದೆಂಬುದನ್ನು ಸುತ್ತಿಗೆಯ ಸದ್ದಿನಿಂದಲೇ ತಿಳಿಯುವ ವಿದ್ಯೆ ಅದು. ಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಸಾಲಾಗಿ ಹಚ್ಚಿ, ನಿಧಾನವಾಗಿ ಮುಂದೆ ಸರಿಸುತ್ತ, ಕಾದ ಮೇಲ್ಪದರ ಕೆಳಗಿನ ತಣ್ಣನೆಯ ಕಲ್ಲಿನಿಂದ ಬಿಟ್ಟುಕೊಳ್ಳುವಂತೆ ಮಾಡುವ ವಿಧಾನ ಈ ಸೀಮೆಯಲ್ಲಿ ಬಳಕೆಯಲ್ಲಿತ್ತು. 1895ರಲ್ಲಿ ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯಲ್ಲಿ ವಾರ್ತ್ ಎಂಬ ವಿಜ್ಞಾನಿ ಇದನ್ನು ಬೆರಗಿನಿಂದ ವರ್ಣಿಸಿದರು. 60 ಅಡಿ ಉದ್ದ, 40 ಅಡಿ ಅಗಲ, ಅರ್ಧ ಅಡಿ ದಪ್ಪದ ಚಪ್ಪಡಿ ಎಲ್ಲಿಯೂ ಒಡೆಯದೆ ಹೀಗೆ ಎದ್ದು ಬರುತ್ತಿತ್ತೆಂದು ಅವರ ಬರೆಹ ಹೇಳುತ್ತದೆ. ಮದ್ದಿನ ಸ್ಫೋಟವಿಲ್ಲ, ಯಂತ್ರವಿಲ್ಲ. ಬೆಂಕಿ ಮತ್ತು ತಾಳ್ಮೆ, ಅಷ್ಟೆ.

ಹಳೆಯ ಬೆಂಗಳೂರಿಗೆ ಜಲ್ಲಿ ಅಷ್ಟಾಗಿ ಬೇಕಾಗಿರಲಿಲ್ಲ. ಪ್ಲೇಗಿನ ಅನಂತರ, 1898ರಿಂದ ಬೆಳೆದ ಬಸವನಗುಡಿಯ ಮನೆಗಳನ್ನು ನೆನೆಯಿರಿ. ತಳಪಾಯಕ್ಕೆ ಕಲ್ಲು, ಗೋಡೆಗೆ ಇಟ್ಟಿಗೆ ಮತ್ತು ಗಾರೆ, ಮಾಡಿಗೆ ಹೆಂಚು ಅಥವಾ ಮರದ ತೊಲೆಗಳ ಮೇಲೆ ಮದ್ರಾಸ್ ತಾರಸಿ. ಒಡೆದ ಕಲ್ಲು ಮುಖ್ಯವಾಗಿ ರಸ್ತೆಗೆ ಬೇಕಾಗುತ್ತಿತ್ತು. ಆ ರಸ್ತೆಯ ಗುರು ಸ್ಕಾಟ್ಲೆಂಡಿನ ಜಾನ್ ಮೆಕಾಡಮ್. 1816ರಲ್ಲಿ ಬ್ರಿಸ್ಟಲ್ಲಿನ ರಸ್ತೆಗಳ ಮೇಲ್ವಿಚಾರಕನಾದ ಆತ, ರಸ್ತೆಗೆ ಹಾಸುವ ಕಲ್ಲಿನ ತೂಕ ಆರು ಔನ್ಸು, ಎಂದರೆ ಸುಮಾರು 170 ಗ್ರಾಮು ಮೀರಬಾರದೆಂದು ವಿಧಿಸಿದ. ಕೂತುಕೊಂಡು, ಸಣ್ಣ ಸುತ್ತಿಗೆಯಿಂದ, ಹೆಂಗಸರೂ ಮುದುಕರೂ ಹುಡುಗರೂ ಈ ಕೆಲಸವನ್ನು ಮಾಡಬಹುದೆಂದು ಆತ ಕಂಡುಕೊಂಡಿದ್ದ. ನಮ್ಮ ಮನೆಯೆದುರು ತೆಂಗಿನ ಗರಿಯಡಿ ಕೂತವಳ ಭಂಗಿಗೆ ಹೀಗೆ ಒಂದೂವರೆ ಶತಮಾನದ ಹಿನ್ನೆಲೆಯಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಊರಿನ ಹಸಿವು ಬದಲಾಯಿತು. 1948ರಲ್ಲಿ ಗವರ್ನರ್ ಜನರಲ್ ರಾಜಾಜಿಯವರು ಜಯನಗರಕ್ಕೆ ಶಂಕುಸ್ಥಾಪನೆ ಮಾಡಿದರು. ಅಶೋಕ ಸ್ತಂಭ ಇಂದಿಗೂ ಅದರ ಸಾಕ್ಷಿ. 1951ರ ಜುಲೈ 13ರಂದು ನೆಹರೂ ಅವರು ವಿಧಾನಸೌಧಕ್ಕೆ ಅಡಿಗಲ್ಲಿಟ್ಟರು. 1956ರಲ್ಲಿ ಮುಗಿದ ಆ ಕಟ್ಟಡ ದೊಡ್ಡ ಕಲ್ಲಿನ ಕೊನೆಯ ಮಹಾಕಾವ್ಯವೆನ್ನಬಹುದು. ಅದಕ್ಕಾಗಿ ದುಡಿದ ಸಾವಿರಾರು ಮಂದಿಯಲ್ಲಿ ಸೆರೆಮನೆಯ ಕೈದಿಗಳೂ ಇದ್ದರು. ಆ ಬಳಿಕ ಬಂದದ್ದು ಕಾಂಕ್ರೀಟಿನ ಯುಗ. ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ. ಮನೆ ಕಟ್ಟಿಸಿದ ಪ್ರತಿಯೊಬ್ಬ ಗೃಹಸ್ಥನಿಗೂ ಈ ಲೆಕ್ಕ ಬಾಯಿಪಾಠವಾಗಿತ್ತು. ಏಳು ಪಾಲಿನಲ್ಲಿ ಆರು ಪಾಲು ಕಲ್ಲು ಮತ್ತು ಮರಳೇ. ನಾವು ಸಿಮೆಂಟಿನ ಹೆಸರನ್ನು ಮಾತ್ರ ಹೇಳುತ್ತೇವೆ. ಬನಶಂಕರಿ, ಜೆ. ಪಿ. ನಗರ, ಬಿ. ಟಿ. ಎಂ. ಬಡಾವಣೆಗಳು ಒಂದರ ಹಿಂದೊಂದು ಎದ್ದವು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಮೂರು ಅಕ್ಷರಗಳಾದವು. ರಾಗಿಯ ರಾಶಿಯೇ ಕಲ್ಲಾಯಿತೆಂಬುದು ರಾಗಿಗುಡ್ಡದ ಸ್ಥಳಪುರಾಣ. ಕಲ್ಲುಗುಡ್ಡಗಳು ರಾಶಿಯಾದದ್ದು ನಮ್ಮ ಕಾಲದ ಚರಿತ್ರೆ.

ಕಲ್ಲೊಡೆಯುವ ಯಂತ್ರವೇನೂ ಹೊಸದಲ್ಲ. ಅಮೆರಿಕದ ಎಲೈ ವಿಟ್ನಿ ಬ್ಲೇಕ್ ಎಂಬಾತ ತನ್ನ ಊರಿನ ರಸ್ತೆಗೆ ಕಲ್ಲೊಡೆಸುವ ಕಷ್ಟವನ್ನು ಕಂಡು, ದವಡೆಯಂತೆ ಅಗಿಯುವ ಯಂತ್ರವನ್ನು ಕಲ್ಪಿಸಿ 1858ರಲ್ಲಿ ಹಕ್ಕುಪತ್ರ ಪಡೆದ. 110 ವರ್ಷಗಳ ಮೇಲೆಯೂ ನಮ್ಮ ಬೀದಿಯಲ್ಲಿ ಒಬ್ಬಳು ಹೆಂಗಸು ಸುತ್ತಿಗೆ ಹಿಡಿದು ಕೂತಿದ್ದಳು. ಯಂತ್ರಕ್ಕಿಂತ ಆಕೆ ಅಗ್ಗವಾಗಿದ್ದಳೆಂಬುದನ್ನು ಬಿಟ್ಟರೆ ಇದಕ್ಕೆ ಬೇರೆ ಕಾರಣ ನನಗೆ ತೋರದು.

ಕೊನೆಗೆ ಕ್ರಷರುಗಳು ಬಂದವು. ಆಕೆಯ ತೋಳಿಗೆ ಬಿಡುವು ಸಿಕ್ಕಿತು, ನಿಜ. ಬೆಂಗಳೂರಿನ ಬೀದಿಗಳಿಂದ ಆ ಸುತ್ತಿಗೆಯ ಸದ್ದು ಮರೆಯಾದದ್ದನ್ನು ನಾನು ಅಭ್ಯುದಯವೆಂದೇ ಎಣಿಸುತ್ತೇನೆ. ಆದರೆ ಕಷ್ಟ ಮಾಯವಾಗಲಿಲ್ಲ. ಆನೇಕಲ್, ಕನಕಪುರ, ಮಾಗಡಿ, ಚಿಕ್ಕಬಳ್ಳಾಪುರಗಳ ಕಡೆಗೆ ಸರಿದುಹೋಯಿತು. ನಮ್ಮ ಕಲ್ಲಿನಲ್ಲಿ ಸಿಲಿಕಾ ಹೇರಳ. ಅದರ ನವುರಾದ ಧೂಳು ಶ್ವಾಸಕೋಶವನ್ನು ಸೇರಿದರೆ ಬರುವ ಸಿಲಿಕೋಸಿಸ್ ರೋಗ ವಾಸಿಯಾಗುವಂಥದಲ್ಲ. ಕ್ರಷರುಗಳನ್ನು ಸುರಕ್ಷಿತ ವಲಯಗಳಿಗೆ ಸೀಮಿತಗೊಳಿಸಲೆಂದು ರಾಜ್ಯವು 2011ರ ಕಾಯಿದೆಯನ್ನು ಮಾಡಿತು. ಸಣ್ಣ ಗಣಿಗಳಿಗೂ ಪರಿಸರದ ಅನುಮತಿ ಬೇಕೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಆದೇಶಿಸಿತು. ಹೀಗಿದ್ದೂ 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯ ಬಳಿ ಗಣಿಗೆಂದು ತಂದಿದ್ದ ಸ್ಫೋಟಕ ಸಿಡಿದು ಆರು ಮಂದಿ ಸತ್ತರು. ಬನ್ನೇರುಘಟ್ಟದ ಕಾಡಿನ ಸುತ್ತ ಗಣಿ ಕೂಡದೆಂದು ಗುರುತಿಸಿದ ಸೂಕ್ಷ್ಮ ವಲಯ 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರಿತ್ತು; 2020ರ ಅಂತಿಮ ಅಧಿಸೂಚನೆಯಲ್ಲಿ 168.84ಕ್ಕೆ ಇಳಿಯಿತು. ಈ ಅಂಕಿಗಳನ್ನು ಓದಿದಾಗ ನನಗೆ ಆ ಪೆಟ್ಟಿಗೆಯೇ ನೆನಪಾಯಿತು. ಅಳತೆಯನ್ನು ಒದೆಯುವ ಕಾಲು ಇನ್ನೂ ಇದೆ.

ಮರಳಿನ ಕಥೆಯೂ ಇದಕ್ಕೆ ಅಂಟಿಕೊಂಡದ್ದೇ. ನನ್ನ ತಂದೆ ಮರಳನ್ನು ಅಂಗೈಯಲ್ಲಿ ಉಜ್ಜಿ ನೋಡುತ್ತಿದ್ದರು. ಕೈಗೆ ಮಣ್ಣು ಮೆತ್ತಿದರೆ ಒಂದು ಗಾಜಿನ ಲೋಟದಲ್ಲಿ ನೀರು ಬೆರೆಸಿ ಇಡುತ್ತಿದ್ದರು. ಮೇಲೆ ಕೂತ ಕೆಸರಿನ ಪದರ ದಪ್ಪವಾಗಿದ್ದರೆ ಲಾರಿಯನ್ನು ಹಿಂದಕ್ಕೆ ಕಳಿಸುತ್ತಿದ್ದರು. ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟುತ್ತದೆಂದು ಜನ ನಂಬಿದ ವೃಷಭಾವತಿ ಅರ್ಕಾವತಿಯನ್ನು ಸೇರುತ್ತದೆ, ಅರ್ಕಾವತಿ ಕಾವೇರಿಯನ್ನು. ಹೊಳೆಯ ಮರಳು ನೀರನ್ನು ಹಿಡಿದಿಟ್ಟು ದಡದ ಬಾವಿಗಳಿಗೆ ಉಣಿಸುವ ಒಡಲು. ಅದನ್ನು ಬಗೆದಾಗ ಬಾವಿಗಳು ಬತ್ತಿದವು. ಹೊಳೆಯಲ್ಲಿ ಮರಳು ಸಾಲದಾದಾಗ ಹೊಲದ, ಕೆರೆಯ ಮಣ್ಣನ್ನೇ ತೊಳೆದು ‘ಫಿಲ್ಟರ್ ಮರಳು’ ತೆಗೆದರು. ಮಣ್ಣೂ ಹೋಯಿತು, ತೊಳೆದ ನೀರೂ ಹೋಯಿತು. ಈಗ ಬಂಡೆಯನ್ನೇ ಪುಡಿಮಾಡಿದ ಎಂ-ಸ್ಯಾಂಡ್ ಬಂದಿದೆ. 2016ರಲ್ಲಿ ಪರಿಷ್ಕೃತವಾದ ಭಾರತೀಯ ಮಾನಕ ಇದಕ್ಕೆ ಸ್ಥಾನ ಕೊಟ್ಟಿತು. ಒಡೆದ ಕಟ್ಟಡದ ಕಾಂಕ್ರೀಟನ್ನು ಪುಡಿಮಾಡಿ ಮತ್ತೆ ಬಳಸಲೂ ಮಿತಿಯೊಳಗೆ ಅವಕಾಶವಿತ್ತಿತು. ಹೊಳೆಗೆ ಇದರಿಂದ ಉಸಿರು ಬಂದರೆ ಸಂತೋಷ. ಬಂಡೆಯ ಮೇಲಿನ ಭಾರ ಮಾತ್ರ ಇಮ್ಮಡಿಯಾಯಿತು: ಮೊದಲು ಜಲ್ಲಿಯನ್ನಷ್ಟೇ ಕೊಡುತ್ತಿದ್ದ ಗುಡ್ಡ ಈಗ ಮರಳನ್ನೂ ಕೊಡಬೇಕು.

ಕಳೆದ ವರ್ಷ ನಮ್ಮ ಮನೆಯನ್ನು ಕೆಡವಿದೆವು. ಮಕ್ಕಳಿಗೆ ಅಲ್ಲಿ ಮೂರು ಅಂತಸ್ತು ಬೇಕಾಗಿತ್ತು. ಬೇಡವೆನ್ನುವ ಅಧಿಕಾರ ನನಗೆ ಉಳಿದಿರಲಿಲ್ಲ. ತಾರಸಿಯ ಹಲಗೆಗಳು ಬಿದ್ದಾಗ ಒಡೆದ ಅಂಚುಗಳಲ್ಲಿ ಜಲ್ಲಿ ಕಾಣಿಸಿತು. ಕ್ರಷರಿನ ಜಲ್ಲಿಯಂತೆ ಒಂದೇ ಅಳತೆಯದಲ್ಲ. ಒಂದು ಉದ್ದ, ಒಂದು ಗುಂಡು, ಪ್ರತಿಯೊಂದೂ ಒಂದೊಂದು ಪೆಟ್ಟಿನದು. ಐವತ್ತಕ್ಕೂ ಮಿಕ್ಕಿದ ವರ್ಷ ನಾವು ಆಕೆಯ ಕೈಕೆಲಸದ ಕೆಳಗೆ ಮಲಗಿದ್ದೆವು. ಇಂಥ ಅವಶೇಷವನ್ನು ರಾತ್ರಿ ಯಾವುದಾದರೂ ಕೆರೆಯಂಗಳದಲ್ಲಿ ಸುರಿದು ಬರುವುದು ಊರಿನ ವಾಡಿಕೆ. ನಾನು ಹಟ ಹಿಡಿದು ಅದನ್ನು ಒಡೆಸಿ, ಹೊಸ ಮನೆಯ ನೆಲದಡಿಗೆ ತುಂಬಿಸಿದೆ. ತಳಪಾಯದ ಸೈಜುಗಲ್ಲುಗಳನ್ನು ಮತ್ತೆ ತಳಪಾಯಕ್ಕೇ ಹಾಕಿಸಿದೆ. ಮಗ ಅದಕ್ಕೆ ತಗಲಿದ ಹೆಚ್ಚಿನ ಕೂಲಿಯನ್ನು ನೋಡಿ ಸುಮ್ಮನಾದ.

ಕೂಲಿಗೆ ಬಂದವರು ಯಾದಗಿರಿಯ ಕಡೆಯ ಗಂಡಹೆಂಡಿರು. ನಾನು ಹೊಸ ಖರ್ಚಿನ ಪುಸ್ತಕವನ್ನು ಹಿಡಿದು ಆಕೆಯ ಬಳಿಗೆ ಹೋಗಿ ಹೆಸರು ಕೇಳಿದೆ. ಆಕೆ ಬಾಣಲಿಯನ್ನು ಕೆಳಗಿಳಿಸಿ, ಗಂಡನ ಮುಖ ನೋಡಿ, “ಹೆಸರು ಯಾಕ್ರೀ ಸಾಹೇಬ್ರ? ಏನರ ತಪ್ಪಾತೇನ್ರೀ?” ಎಂದು ಕೇಳಿದಳು.

“ತಪ್ಪೇನೂ ಇಲ್ಲಮ್ಮ, ಲೆಕ್ಕಕ್ಕೆ ಬೇಕಾಗಿತ್ತು” ಎಂದೆ.

ಆಕೆ ಹೆಸರು ಹೇಳಿದಳು. ನಾನು ಬರೆದುಕೊಂಡೆ.